ಹಳ್ಳಿಯ ಶಾಲೆಯ ಗತಿ

ಊರೂರಿಗೆ ಚದುರಿರುವ ಚಿಕ್ಕ ಶಾಲೆಗಳಿಗಿಂತ, ಶಿಶುತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ಒಂದೇ ಆವರಣದಲ್ಲಿ ನಡೆಯುವ ದೊಡ್ಡ ಶಾಲೆಯೇ ಮೇಲೆಂಬ ಅಭಿಪ್ರಾಯವು ರಾಜಧಾನಿಯ ಕಚೇರಿಗಳಲ್ಲಿ ಬಲವಾಗುತ್ತಿದೆ. ಕರ್ನಾಟಕ ಪಬ್ಲಿಕ್ ಶಾಲೆಗಳೆಂಬ ಹೆಸರಿನಲ್ಲಿ ಇಂತಹ ಇನ್ನೂ 500 ಶಾಲೆಗಳನ್ನು ತೆರೆಯುವುದಾಗಿ 2025ರ ಆಯವ್ಯಯದಲ್ಲಿ ಸಾರಲಾಯಿತು. ಸುತ್ತಣ ಹಳ್ಳಿಗಳ ಶಾಲೆಗಳನ್ನು ಇವುಗಳಲ್ಲಿ ಲೀನಗೊಳಿಸುವರೆಂಬ ಸುದ್ದಿ ಹಬ್ಬಲು, ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರಕಾರದವರು ಭರವಸೆ ಕೊಡಬೇಕಾಯಿತು. ಆ ಭರವಸೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಆಜ್ಞೆಯಿಲ್ಲದೆಯೂ ಶಾಲೆಯೊಂದು ಮುಚ್ಚಿಹೋಗುವ ಬಗೆಯುಂಟು. ಖಾಯಂ ಉಪಾಧ್ಯಾಯರನ್ನು ಕಳುಹಿಸದಿದ್ದರೆ ತೀರಿತು. ಪಾಠ ನಡೆಯದೆಂದು ಮಕ್ಕಳು ಬಿಡುತ್ತಾರೆ. ಮಕ್ಕಳ ಸಂಖ್ಯೆ ಇಳಿಯಿತೆಂದು, ಉಳಿದ ಒಬ್ಬ ಉಪಾಧ್ಯಾಯನೂ 'ಹೆಚ್ಚುವರಿ' ಎನಿಸಿಕೊಂಡು ಬೇರೆಡೆಗೆ ಹೋಗುತ್ತಾನೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಟ್ಟಿಗೆ ಇದು ಬಹು ಮುಖ್ಯವಾದ ವಿಷಯ. 1997ರಲ್ಲಿ ಈ ಜಿಲ್ಲೆಯು ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ಅಂದಿನ ಮುಖ್ಯಮಂತ್ರಿಗಳಾದ ಜೆ. ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ. ಅನಂತರ ಹೊನ್ನಾಳಿಯನ್ನು ಒಡೆದು ನ್ಯಾಮತಿ ತಾಲ್ಲೂಕನ್ನು ಮಾಡಿದರು. ಜಿಲ್ಲೆಯ ಕೇಂದ್ರನಗರವಂತೂ ವಿದ್ಯಾಕೇಂದ್ರವೆಂದೇ ಖ್ಯಾತಿಗೊಂಡಿದೆ: 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಇಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ. ಇದು ನಮಗೆ ಸಂತೋಷವೇ. ಆದರೆ ಮೂರನೆಯ ತರಗತಿಯಲ್ಲಿ ಓದು ಬರಹ ಕಲಿಯದೆ ಹಿಂದುಳಿದ ಜಗಳೂರಿನ ಬಾಲಕನಿಗೆ ಈ ಕಾಲೇಜುಗಳ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು?

ನಾಲ್ಕು ತಾಲ್ಲೂಕುಗಳ ಸ್ಥಿತಿಯೂ ಒಂದೇ ಬಗೆಯದಲ್ಲ. ಸೂಳೆಕೆರೆಯ ನೀರೂ ಭದ್ರಾ ನಾಲೆಯೂ ಇರುವ ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಅನುಕೂಲವಂತರ ಮಕ್ಕಳು ಹಳದಿ ಬಣ್ಣದ ವಾಹನವೇರಿ ಖಾಸಗಿ ಶಾಲೆಗೆ ಹೋಗುತ್ತಾರೆ; ಸರಕಾರಿ ಶಾಲೆಯು ಕೂಲಿಕಾರನ ಮಗುವಿನ ಪಾಲಿಗೆ ಉಳಿಯುತ್ತದೆ. ಊರ ಮುಖಂಡರ ಮಕ್ಕಳಿಲ್ಲದ ಶಾಲೆಯ ಪರವಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವವರಾರು? ಜಗಳೂರಿನದು ಬೇರೆ ಸಂಕಟ. ಮಳೆ ತಪ್ಪಿದ ವರುಷ ತಂದೆತಾಯಿಗಳು ಗುಳೆ ಹೊರಡುತ್ತಾರೆ. ಮಗುವು ಅಜ್ಜಿಯ ವಶದಲ್ಲಿ ಉಳಿಯುತ್ತದೆ. ಶಾಲೆಯು ಊರೊಳಗಿದ್ದರೆ ಆ ಮಗು ಹೋದೀತು, ಮಧ್ಯಾಹ್ನದ ಊಟವೂ ದೊರೆತೀತು. ಎರಡು ಹರದಾರಿ ಆಚೆಗಾದರೆ, ಹೆಣ್ಣುಮಗುವಾದರಂತೂ, ಅಜ್ಜಿ ಕಳುಹಿಸಳು. ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂಬ ನಿಯಮದ ಅರ್ಥ ಇದೇ. ಅರುವತ್ತರವರೆಗೆ ಮಕ್ಕಳಿದ್ದರೂ ಇಬ್ಬರು ಉಪಾಧ್ಯಾಯರಿರತಕ್ಕದ್ದೆಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ವಿಧಿಸಿದೆ.

ಖಾಲಿ ಹುದ್ದೆಗಳನ್ನು ಇಲಾಖೆಯವರು ಅತಿಥಿ ಶಿಕ್ಷಕರಿಂದ ತುಂಬುತ್ತಾರೆ. ಅತಿಥಿಯೆಂಬ ಹೆಸರೇನೋ ಗೌರವದ್ದು. ಮರ್ಯಾದೆ ಮಾತ್ರ ಅಷ್ಟಿಲ್ಲ. 2025ರಲ್ಲಿ ಇವರ ಮಾಸಿಕ ಗೌರವಧನಕ್ಕೆ ಎರಡು ಸಾವಿರ ರೂಪಾಯಿ ಕೂಡಿಸಿದರು. ಆದರೂ ಬೇಸಗೆಯ ರಜೆ ಬಂದೊಡನೆ ಇವರ ಕೆಲಸವೂ ಮುಗಿಯುತ್ತದೆ. ಬರುವ ವರುಷ ಇರುವೆನೋ ಇಲ್ಲವೋ ಎಂದರಿಯದವನು ಮಕ್ಕಳನ್ನು ವರುಷದಿಂದ ವರುಷಕ್ಕೆ ಹೇಗೆ ನಡೆಸಿಯಾನು?

ಗೋಖಲೆಯವರು 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದಾಗ ಪರಕೀಯ ಸರಕಾರವು ಅದನ್ನು ತಿರಸ್ಕರಿಸಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು 1913ರಲ್ಲೇ ಕಾನೂನು ಮಾಡಿತು. ಹತ್ತು ವರುಷಗಳೊಳಗೆ ಎಲ್ಲ ಮಕ್ಕಳಿಗೂ ಶಿಕ್ಷಣವೆಂದು ನಮ್ಮ ಸಂವಿಧಾನವು 1950ರಲ್ಲಿ ಹೇಳಿತು. ಇಂದು ಪರಕೀಯರನ್ನು ದೂರುವ ಅವಕಾಶವೂ ನಮಗಿಲ್ಲ.

ಅಮೆರಿಕದ ಅನೇಕ ನಗರಗಳಲ್ಲಿ ಶಾಲಾ ಮಂಡಲಿಯನ್ನು ಪ್ರಜೆಗಳೇ ಚುನಾಯಿಸುತ್ತಾರೆ. ಉಪಾಧ್ಯಾಯರ ನೇಮಕವೂ ಅದರ ಕೈಯಲ್ಲಿರುತ್ತದೆ. ನಮ್ಮಲ್ಲಿ 2001ರಿಂದ ತಂದೆತಾಯಿಗಳ ಶಾಲಾಭಿವೃದ್ಧಿ ಸಮಿತಿಗಳಿವೆ. ಸುಣ್ಣ ಬಣ್ಣದ ಲೆಕ್ಕ ನೋಡುವ ಇವರಿಗೆ, ಖಾಯಂ ಉಪಾಧ್ಯಾಯನೇಕೆ ಬರಲಿಲ್ಲವೆಂದು ಕೇಳಿ ಉತ್ತರ ಪಡೆಯುವ ಅಧಿಕಾರವಿಲ್ಲ. ಮೊದಲು ಈ ಅಧಿಕಾರವನ್ನು ಕೊಡಲಿ. ದೊಡ್ಡ ಶಾಲೆಗಳ ಅಡಿಗಲ್ಲು ಇಡುವ ಮುನ್ನ, ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಶಾಲೆಯ ಮಂಜೂರಾದ ಹುದ್ದೆಯೆಷ್ಟು, ತುಂಬಿದ್ದೆಷ್ಟು ಎಂಬ ಪಟ್ಟಿಯನ್ನು ಆಯಾ ಗ್ರಾಮಪಂಚಾಯಿತಿಯ ಬಾಗಿಲಿಗೆ ಅಂಟಿಸಲಿ.