ಕಡಿಮೆ ತೂಕವನ್ನು ಸಹಿಸುವುದು ಕ್ಷಮೆಯಲ್ಲ

1974ರಲ್ಲಿ ಬಿಂದುಮಾಧವ ಜೋಶಿಯವರು ಪುಣೆಯಲ್ಲಿ ಸ್ಥಾಪಿಸಿದ ಗ್ರಾಹಕ ಪಂಚಾಯತ್‌ನ ಕಚೇರಿ ಸದಾಶಿವ ಪೇಠದಲ್ಲಿದೆ. ಅಂದು ತಕ್ಕಡಿಯ ಮೋಸ ಕಣ್ಣಿಗೆ ಕಾಣುತ್ತಿತ್ತು, ಇಂದಿನದು ಕಾಣದು. ವರ್ಷದ ಹಣವನ್ನು ಮುಂಗಡವಾಗಿ ಪಡೆದ ಬ್ರಾಡ್‌ಬ್ಯಾಂಡ್ ಸಂಸ್ಥೆಯು ಯೋಜನೆಯೊಡನೆ ಸೇರಿಸಿದ್ದ ಒಟಿಟಿ ಸೇವೆಯನ್ನು ನಡುವೆಯೇ ಹಿಂತೆಗೆದುಕೊಂಡು ಶುಲ್ಕವನ್ನು ಮಾತ್ರ ಇಳಿಸದಿದ್ದರೆ, ಅದೂ ಕಡಿಮೆ ತೂಕವೇ. ‘ಅದು ಉಚಿತವಾಗಿತ್ತು’ ಎಂಬ ಸಮಜಾಯಿಷಿ ಸಲ್ಲದು. ಅದನ್ನು ತೋರಿಸಿಯೇ ಚಂದಾದಾರರನ್ನು ಸೆಳೆಯಲಾಗಿತ್ತು.

ತೂಕ-ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ತಮ್ಮ ಅಂಗಡಿಯಲ್ಲಿ ಅದಕ್ಕೆ ಅಂಜುವ ಶ್ರಾವಕರು, ಅದೇ ತಮಗೆ ಸಂಭವಿಸಿದಾಗ ಮೌನ ತಾಳಿ, ಆ ಮೌನವನ್ನು ಕ್ಷಮೆಯೆನ್ನುವುದು ಸರಿಯಲ್ಲ.

ದೂರಸಂಪರ್ಕ ಸೇವೆಯ ದೂರುಗಳೂ ಗ್ರಾಹಕ ಆಯೋಗದ ವ್ಯಾಪ್ತಿಗೆ ಸೇರುತ್ತವೆಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. 2019ರ ಕಾಯಿದೆಯಂತೆ, ಹುಟ್ಟೂರು ಯಾವುದೇ ಇರಲಿ, ವಾಸವಿರುವ ಜಿಲ್ಲೆಯ ಆಯೋಗದಲ್ಲೇ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸೇವೆಗೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಮೊದಲು ಸಂಸ್ಥೆಗೆ ಲಿಖಿತ ದೂರು ಕೊಟ್ಟು ಅದರ ಸಂಖ್ಯೆ ಪಡೆಯಬೇಕು, ಬಳಿಕ 1915 ಸಹಾಯವಾಣಿ, ಕೊನೆಗೆ ಆಯೋಗ.

ನಷ್ಟ ಕೆಲವು ನೂರು ರೂಪಾಯಿಗಳದ್ದೇ ಇರಬಹುದು. ಆದರೆ ಅಷ್ಟಕ್ಕೇಕೆ ಎಂದು ಸುಮ್ಮನಾಗುವ ಮನೆಗಳ ಮೌನವೇ ಸಂಸ್ಥೆಯ ಲಾಭ.