ಸಣ್ಣ ಆಸ್ಪತ್ರೆಗೆ ಬೀಗ ಜಡಿದು ಮೈಸೂರಿನ ದಾರಿ ತೋರಿಸಬೇಡಿ

ಕೊಡಗಿಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು 2019ರ ಜೂನ್‌ನಲ್ಲಿ ಇಲ್ಲಿನ ಯುವಜನರು ಸಾಮಾಜಿಕ ಜಾಲತಾಣಗಳಲ್ಲಿ ಎಬ್ಬಿಸಿದ ಕೂಗು ವಿಧಾನಸೌಧದವರೆಗೂ ಮುಟ್ಟಿತು. ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅದಕ್ಕೆ ಸ್ಪಂದಿಸಿದ್ದೂ ಆಯಿತು. ಬೇಡಿಕೆ ನೂರಕ್ಕೆ ನೂರು ನ್ಯಾಯವಾದದ್ದು. ಆದರೆ ಅಂದಿನಿಂದ ನಮ್ಮ ಚರ್ಚೆಯೆಲ್ಲ ಕಟ್ಟಡದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಎಷ್ಟು ಹಾಸಿಗೆ, ಎಷ್ಟು ಕೋಟಿ, ಯಾವ ಊರಿನಲ್ಲಿ ಎಂದು ಕೇಳುತ್ತೇವೆ. ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಹತ್ತು ಹಾಸಿಗೆ ಇಟ್ಟುಕೊಂಡು, ರಾತ್ರಿ ಎರಡು ಗಂಟೆಗೆ ಕರೆದರೂ ಎದ್ದು ಬಂದು ಹೊಟ್ಟೆ ಕೊಯ್ದು ಜೀವ ಉಳಿಸುವ ಖಾಸಗಿ ಸರ್ಜನ್ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ವಾದ ಇಷ್ಟೇ: ಆ ಸರ್ಜನ್ ಉಳಿಯದೆ ಕೊಡಗಿನಲ್ಲಿ ತುರ್ತು ಚಿಕಿತ್ಸೆ ಉಳಿಯುವುದಿಲ್ಲ. ಅವರನ್ನು ಇಲ್ಲಿಂದ ಓಡಿಸುತ್ತಿರುವುದು ನಮ್ಮದೇ ಸರ್ಕಾರಿ ನಿಯಮಗಳು.

ಲೆಕ್ಕ ನೋಡೋಣ. 4,102 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ 5,54,519 ಜನರಿದ್ದಾರೆ. ಒಂದು ಲಕ್ಷ ಜನರಿಗೆ ವರ್ಷಕ್ಕೆ ಕನಿಷ್ಠ 5,000 ಶಸ್ತ್ರಚಿಕಿತ್ಸೆಗಳ ಅಗತ್ಯವಿದೆ ಎಂದು ಲ್ಯಾನ್ಸೆಟ್ ಆಯೋಗ 2015ರಲ್ಲಿ ಹೇಳಿತು. ಆ ಪ್ರಕಾರ ಕೊಡಗಿಗೆ ವರ್ಷಕ್ಕೆ 27 ಸಾವಿರಕ್ಕೂ ಹೆಚ್ಚು, ಅಂದರೆ ದಿನಕ್ಕೆ 75ರಷ್ಟು ಆಪರೇಷನ್ ಆಗಬೇಕು. ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ಚರ್ಮ ಸೀಳಿ ಹೊರಬಂದ ಮೂಳೆ ಮುರಿತದ ಚಿಕಿತ್ಸೆ, ಈ ಮೂರೂ ಎರಡು ಗಂಟೆಯೊಳಗೆ ಕೈಗೆಟುಕಬೇಕು ಎಂಬುದು ಅದೇ ಆಯೋಗದ ಅಳತೆಗೋಲು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಬಿರುನಾಣಿಯವರಿಗೆ, ಭಾಗಮಂಡಲದಾಚೆಯ ಕರಿಕೆಯವರಿಗೆ ಮಡಿಕೇರಿಯೇ ದೂರ. 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಮ್ಮ ದೊಡ್ಡ ಆಸರೆ ನಿಜ. ಅದೊಂದೇ ಈ ಭಾರವನ್ನೆಲ್ಲ ಹೊರಲಾರದು.

ಮಳೆಗಾಲದಲ್ಲಂತೂ ಈ ದೂರಗಳಿಗೆ ಅರ್ಥವೇ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಸಂಪಾಜೆ ಘಾಟಿಯ ರಸ್ತೆ ವಾರಗಟ್ಟಲೆ ಬಂದ್ ಆಯಿತು, ಸುಳ್ಯ ಮತ್ತು ಮಂಗಳೂರಿನ ಆಸ್ಪತ್ರೆಗಳ ದಾರಿಯೇ ತಪ್ಪಿಹೋಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಮಾಕುಟ್ಟದ ಗಡಿ ಮುಚ್ಚಿ ಕಣ್ಣೂರಿನ ದಾರಿಯೂ ಕಡಿದುಹೋಯಿತು. ಇಂಥ ಜಿಲ್ಲೆಯಲ್ಲಿ ಚಿಕಿತ್ಸೆ ರೋಗಿಯ ಹತ್ತಿರವೇ ಇರಬೇಕು.

ಕರಿಮೆಣಸು ಕೊಯ್ಲಿನ ಕಾಲದಲ್ಲಿ ನಡೆಯುವುದನ್ನೇ ನೋಡಿ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಕಾರ್ಮಿಕನೊಬ್ಬ ಜಾರಿ ಬೀಳುತ್ತಾನೆ. ಎದ್ದು ಕೂರುತ್ತಾನೆ, ನೀರು ಕುಡಿಯುತ್ತಾನೆ, ಏನೂ ಆಗಿಲ್ಲ ಎನ್ನುತ್ತಾನೆ. ಲೈನ್‌ಮನೆಗೆ ಹೋಗಿ ಮಲಗಿದವನಿಗೆ ಗಂಟೆಯೊಳಗೆ ಎಡ ಭುಜ ನೋಯತೊಡಗುತ್ತದೆ, ಮೈ ತಣ್ಣಗೆ ಬೆವರುತ್ತದೆ. ಪಕ್ಕೆಲುಬಿನ ಅಡಿಯ ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿದೆ. ತೋಟದ ರೈಟರ್ ಜೀಪು ಹೊಂದಿಸಿ ಪೇಟೆಗೆ ಕರೆತರುವಷ್ಟರಲ್ಲಿ ನಾಡಿ ನಿಮಿಷಕ್ಕೆ 130 ದಾಟಿದೆ, ಬಿಪಿ ಕುಸಿದಿದೆ. ಈಗ ಬೇಕಾದದ್ದು ಒಬ್ಬ ಸರ್ಜನ್, ಒಬ್ಬ ಅರಿವಳಿಕೆ ತಜ್ಞ, ಒಂದು ಸ್ವಚ್ಛ ಒಟಿ ಮತ್ತು ಮೂರು ನಾಲ್ಕು ಬಾಟಲಿ ರಕ್ತ. ಇಷ್ಟಿದ್ದರೆ ಅವನು ಎರಡು ವಾರದಲ್ಲಿ ನಡೆದಾಡುತ್ತಾನೆ. ಇಲ್ಲದಿದ್ದರೆ ಒಂದು ಸಲೈನ್ ಏರಿಸಿ ಆಂಬುಲೆನ್ಸ್ ಹತ್ತಿಸುತ್ತಾರೆ. ಹುಣಸೂರು ದಾಟುವ ಮೊದಲೇ ಎಷ್ಟೋ ಜೀವಗಳು ಕೈಜಾರುತ್ತವೆ.

ಆ ಸರ್ಜನ್ ಯಾಕೆ ಸಿಗುತ್ತಿಲ್ಲ? ಹಳ್ಳಿಗೆ ಬರಲು ಡಾಕ್ಟರುಗಳಿಗೆ ಮನಸ್ಸಿಲ್ಲ ಎಂಬ ಸಿದ್ಧ ಉತ್ತರವನ್ನು ನಾನು ಒಪ್ಪುವುದಿಲ್ಲ. ಎಂ.ಎಸ್. ಮುಗಿಸಿದ ಕೊಡಗಿನ ಹುಡುಗಿಯೊಬ್ಬಳು ಗೋಣಿಕೊಪ್ಪಲಿನಲ್ಲಿ ಸ್ವಂತ ನರ್ಸಿಂಗ್ ಹೋಮ್ ತೆರೆಯಲು ಹೊರಟಳು ಎನ್ನಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಅಗ್ನಿಶಾಮಕ ಇಲಾಖೆಯ ಪತ್ರ, ಸ್ಕ್ಯಾನಿಂಗ್‌ಗೆ ಒಂದು ನೋಂದಣಿ, ಎಕ್ಸ್‌ರೇಗೆ ಮತ್ತೊಂದು ಪರವಾನಗಿ, ಔಷಧಿ ಅಂಗಡಿಗೆ ಇನ್ನೊಂದು. ಜೈವಿಕ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎನ್ನುತ್ತದೆ 2016ರ ನಿಯಮ. ಮಳೆಗೆ ರಸ್ತೆ ಕಡಿದು ತ್ಯಾಜ್ಯದ ಗಾಡಿ ಬರದಿದ್ದರೆ ಕಾರಣ ಬರೆದು ತಿಳಿಸುವ ಹೊಣೆಯೂ ಅವಳದೇ. ಪ್ರತಿ ನಿಯಮಕ್ಕೂ ಅದರದೇ ಸಕಾರಣ ಇದೆ, ಒಂದನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಬೆಂಗಳೂರಿನ ಐನೂರು ಹಾಸಿಗೆಯ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಈ ಕಾಗದಗಳನ್ನು ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ಇಲ್ಲಿ ಅವೆಲ್ಲವೂ ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ಆಪರೇಷನ್, ರಾತ್ರಿ ರೌಂಡ್ಸ್ ಮಾಡುವ ಒಬ್ಬಳ ತಲೆಗೇ ಬೀಳುತ್ತವೆ. ಬ್ಯಾಂಕಿನ ಸಾಲ, ಜನರೇಟರಿನ ಡೀಸೆಲ್, ಕರೆದಾಗ ಬರುವ ಅರಿವಳಿಕೆ ತಜ್ಞರ ಶುಲ್ಕ, ನರ್ಸ್‌ಗಳ ಸಂಬಳ ಬೇರೆ. ಮೂರನೇ ವರ್ಷಕ್ಕೆ ಅವಳು ಮೈಸೂರಿನಲ್ಲಿ ಸಂಬಳದ ಕೆಲಸ ಹುಡುಕಿದರೆ ಯಾವ ಬಾಯಲ್ಲಿ ತಪ್ಪೆನ್ನೋಣ?

2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಗಾಗಿ ನಡೆದ ಜಟಾಪಟಿ ನೆನಪಿರಬೇಕು. ಅಂದಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಂದ ಮಸೂದೆಯಲ್ಲಿ ದರ ನಿಗದಿ, ಜೈಲು ಶಿಕ್ಷೆ ಎಲ್ಲ ಇತ್ತು. ವೈದ್ಯರು ಬೆಳಗಾವಿಯಲ್ಲಿ ಧರಣಿ ಕೂತರು, ರಾಜ್ಯದಾದ್ಯಂತ ಒಪಿಡಿಗಳು ಮುಚ್ಚಿದವು, ರೋಗಿಗಳು ಬಾಗಿಲಲ್ಲಿ ಒದ್ದಾಡಿದರು. ಮುಷ್ಕರದ ದಾರಿ ತಪ್ಪು ಎಂದು ನಾನು ಅಂದೂ ಭಾವಿಸಿದ್ದೆ, ಇಂದೂ ಭಾವಿಸುತ್ತೇನೆ. ಹಾಗೆಯೇ ರೋಗಿಗಳ ಹಕ್ಕುಪಟ್ಟಿ, ತುರ್ತು ಸಂದರ್ಭದಲ್ಲಿ ಮುಂಗಡ ಕೇಳಬಾರದೆಂಬ ನಿಯಮ, ಬಾಕಿ ಹಣಕ್ಕಾಗಿ ಶವ ಹಿಡಿದಿಟ್ಟುಕೊಳ್ಳಬಾರದೆಂಬ ನಿಯಮ ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಆ ಜಗಳದಲ್ಲಿ ಎರಡೂ ಕಡೆಯವರು ಒಂದು ತಪ್ಪು ಮಾಡಿದರು. ಸರ್ಕಾರ ಎಲ್ಲ ಖಾಸಗಿ ಆಸ್ಪತ್ರೆಗಳನ್ನೂ ಸುಲಿಗೆಯ ಅಡ್ಡೆಗಳೆಂದು ಒಂದೇ ತಕ್ಕಡಿಗೆ ಹಾಕಿತು. ವೈದ್ಯರ ಸಂಘಟನೆ ದೊಡ್ಡ ಕಂಪನಿ ಆಸ್ಪತ್ರೆಗಳ ಹಿತವನ್ನೂ ಸಣ್ಣ ಪೇಟೆಯ ಸರ್ಜನ್‌ಗಳ ಹಿತವನ್ನೂ ಬೇರ್ಪಡಿಸದೆ ಹೋರಾಡಿತು. ಕೊಡಗಿನ ಸಣ್ಣ ನರ್ಸಿಂಗ್ ಹೋಮ್‌ಗೆ ಆ ಗಲಾಟೆಯಿಂದ ಕಿಂಚಿತ್ತೂ ಲಾಭವಾಗಲಿಲ್ಲ.

ಇನ್ನು ರಕ್ತದ ವಿಷಯ. 1996ರಲ್ಲಿ ಸುಪ್ರೀಂ ಕೋರ್ಟ್ ಹಣಕ್ಕಾಗಿ ರಕ್ತ ಮಾರುವವರ ದಂಧೆಗೆ ಕಡಿವಾಣ ಹಾಕಿತು. ಎಚ್‌ಐವಿ ಹರಡುತ್ತಿದ್ದ ಕಾಲದಲ್ಲಿ ಅದು ಆಗಲೇಬೇಕಿತ್ತು. ಅದರ ಬೆನ್ನಿಗೇ ಬಂದ ನಿಯಮಗಳಿಂದ ಗ್ರಾಮೀಣ ಸರ್ಜನ್‌ಗಳು ದಶಕಗಳಿಂದ ಮಾಡುತ್ತಿದ್ದ ಒಂದು ಕೆಲಸವೂ ಕಾನೂನುಬಾಹಿರವಾಯಿತು: ಸಂಬಂಧಿಕರ ರಕ್ತವನ್ನು ಅಲ್ಲೇ ಪರೀಕ್ಷಿಸಿ, ಅಲ್ಲೇ ತೆಗೆದು, ಅಲ್ಲೇ ಕೊಡುವುದು. ಗಡಿಭಾಗದ ಸೇನಾ ಆಸ್ಪತ್ರೆಗಳಿಗೆ ಇದೇ ನಿಯಮಾವಳಿ ವಿನಾಯಿತಿ ಕೊಟ್ಟಿದೆ, ಏಕೆಂದರೆ ಅಲ್ಲಿ ರಕ್ತನಿಧಿ ದೂರ, ಸಮಯ ಕಡಿಮೆ. ಕಾರ್ಯಪ್ಪ, ತಿಮ್ಮಯ್ಯರಂಥ ಸೇನಾನಿಗಳನ್ನು ಕೊಟ್ಟ ನಾಡು ಕೇಳುತ್ತಿದೆ: ಸೈನಿಕನಿಗೆ ಒಪ್ಪುವ ತರ್ಕ ಕುಟ್ಟದ ಬಾಣಂತಿಗೆ ಯಾಕೆ ಒಪ್ಪುವುದಿಲ್ಲ? ಸುರಕ್ಷತೆಯ ಆತಂಕ ನಿಜವೇ, ಆದ್ದರಿಂದ ವಿನಾಯಿತಿಗೆ ಮೊದಲು ಕನಿಷ್ಠ ಮಟ್ಟದ ವ್ಯವಸ್ಥೆಯನ್ನಾದರೂ ಮಾಡಿ. ದೊಡ್ಡ ರಕ್ತನಿಧಿಯ ಅಡಿಯಲ್ಲಿ ಸಣ್ಣ ಆಸ್ಪತ್ರೆಗಳೂ ರಕ್ತ ಶೇಖರಣಾ ಘಟಕ ನಡೆಸಲು 2001ರಿಂದಲೇ ಅವಕಾಶವಿದೆ. ಕೊಡಗಿನ ಪ್ರತಿ ತಾಲೂಕಿನಲ್ಲೂ ಅಂಥದ್ದೊಂದು ಸದಾ ತೆರೆದಿರಬೇಕು, ಖಾಸಗಿ ಸರ್ಜನ್ ಕೇಳಿದಾಗಲೂ ರಕ್ತ ಸಿಗಬೇಕು.

ವಿಮೆಯ ಕಥೆಯೂ ಬೇರೆಯಲ್ಲ. 2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದರು. ತುರ್ತು ಪಟ್ಟಿಯಲ್ಲಿಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತರಬೇಕು. ಸೋಮವಾರಪೇಟೆಯ ಕೂಲಿಕಾರ ಹರ್ನಿಯಾ ಹೊತ್ತು ಚೀಟಿಗಾಗಿ ಅಲೆದು ಕೂಲಿ ಕಳೆದುಕೊಳ್ಳುತ್ತಾನೆ. ಅಂತೂ ಚಿಕಿತ್ಸೆ ಆದರೂ ಆಸ್ಪತ್ರೆಗೆ ಬರಬೇಕಾದ ಹಣ ತಡವಾದರೆ ಸಣ್ಣ ನರ್ಸಿಂಗ್ ಹೋಮ್ ಆ ತಿಂಗಳ ಸಂಬಳ ಕೊಡಲಾರದು. ದೊಡ್ಡ ಆಸ್ಪತ್ರೆ ಕಾಯುತ್ತದೆ, ಚಿಕ್ಕದು ಯೋಜನೆಯಿಂದಲೇ ಹೊರಬೀಳುತ್ತದೆ.

ಸಣ್ಣ ಆಸ್ಪತ್ರೆಯಲ್ಲಿ ಗುಣಮಟ್ಟ ಇರುವುದಿಲ್ಲ, ಇವರೂ ಸುಲಿಗೆಗೇ ಕೂತವರು ಎನ್ನುವವರಿದ್ದಾರೆ. ಎರಡಕ್ಕೂ ಉತ್ತರವಿದೆ. ಗ್ರಾಮೀಣ ಶಸ್ತ್ರವೈದ್ಯರ ಭಾರತೀಯ ಸಂಘಟನೆಯ ಡಾ. ಟೊಂಗಾಂವ್ಕರ್ ಮಹಾರಾಷ್ಟ್ರದ ದೊಂಡಾಯಿಚದಲ್ಲಿ ಹರ್ನಿಯಾಕ್ಕೆ ದುಬಾರಿ ಜಾಲರಿಯ ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಸ್ಟೆರಿಲೈಸ್ ಮಾಡಿ ಹೊಲಿದಾಗ ನಗರದವರು ಮೂಗು ಮುರಿದರು. ಕಡಿಮೆ ಬೆಲೆಯ ಸೊಳ್ಳೆಪರದೆ ಜಾಲರಿಯೂ ಮಾರುಕಟ್ಟೆಯ ಜಾಲರಿಯಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಉಗಾಂಡದಲ್ಲಿ ನಡೆದ ಪರೀಕ್ಷೆ ತೋರಿಸಿತು, 2016ರಲ್ಲಿ ಅದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲೇ ಪ್ರಕಟವಾಯಿತು. ನಮ್ಮ ಮಣ್ಣಿನದೇ ಉದಾಹರಣೆ ಬೇಕಾದರೆ ಡಾ. ಕಾವೇರಿ ನಂಬೀಸನ್ ಇದ್ದಾರೆ. ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚನವರ ಮಗಳು, ಇಂಗ್ಲೆಂಡಿನಲ್ಲಿ ಎಫ್‌ಆರ್‌ಸಿಎಸ್ ಮಾಡಿ ಬಂದವರು. ಬಯಸಿದ್ದರೆ ಯಾವ ಮಹಾನಗರದಲ್ಲಾದರೂ ನೆಲೆಸಬಹುದಿತ್ತು. ಬಿಹಾರದ ಮೊಕಾಮಾದಂಥ ಕಡೆ, ಕೊಡಗಿನ ಟಾಟಾ ಕಾಫಿ ಆಸ್ಪತ್ರೆಯಲ್ಲಿ ತೋಟದ ಕಾರ್ಮಿಕರ ನಡುವೆ ಅವರು ಕತ್ತರಿ ಹಿಡಿದರು. ಆರೋಗ್ಯ ಹೇಗೆ ಉಳ್ಳವರ ಸೊತ್ತಾಗುತ್ತಿದೆ ಎಂದು 2021ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಂಥ ಬದುಕು ಆರಿಸಿಕೊಳ್ಳಲು ಇಂದಿನ ಯುವ ವೈದ್ಯೆಗೆ ಧೈರ್ಯ ಒಂದೇ ಸಾಲದು, ಕಾನೂನಿನ ಬೆಂಬಲವೂ ಬೇಕು.

ಸುಲಿಗೆಯ ಆರೋಪಕ್ಕೆ ಸರ್ಜನ್‌ಗಳೇ ಉತ್ತರ ಕೊಡಬೇಕು. ದರಪಟ್ಟಿಯನ್ನು ಕನ್ನಡದಲ್ಲಿ ಗೋಡೆಗೆ ಹಾಕಿ. ಬಿಲ್ಲಿನಲ್ಲಿ ಪ್ರತಿ ಖರ್ಚನ್ನೂ ಬಿಡಿಸಿ ಬರೆಯಿರಿ. ರೋಗಿಯನ್ನು ನಗರಕ್ಕೆ ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು 2002ರ ವೈದ್ಯಕೀಯ ನೀತಿಸಂಹಿತೆಯೇ ನಿಷೇಧಿಸಿದೆ, ಆ ಹಣಕ್ಕೆ ಕೈಯೊಡ್ಡುವವರ ಪರವಾಗಿ ನಾನು ಒಂದಕ್ಷರವನ್ನೂ ಬರೆಯಲಾರೆ.

ಸರ್ಕಾರದ ಪಾಲಿನ ಕೆಲಸವೂ ಸ್ಪಷ್ಟವಾಗಿದೆ. ಕೆಪಿಎಂಇ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆದ್ದರಿಂದ ಸಣ್ಣ ಆಸ್ಪತ್ರೆಗಳ ಎಲ್ಲ ಅನುಮತಿಗಳನ್ನೂ ಅವರ ಕಚೇರಿಯ ಒಂದೇ ಕಿಟಕಿಯಲ್ಲಿ ಕೊಡಲಿ. ಹತ್ತು ಹಾಸಿಗೆಯೊಳಗಿನ ಆಸ್ಪತ್ರೆಗೆ ಅದರ ಗಾತ್ರಕ್ಕೆ ಹೊಂದುವ ಮಾನದಂಡ ಬರಲಿ. ವೈದ್ಯಕೀಯ ಕಾಲೇಜಿನ ಅರಿವಳಿಕೆ ತಜ್ಞರನ್ನು ಜಿಲ್ಲೆಯ ಯಾವ ಒಟಿಗಾದರೂ ನಿಗದಿತ ಶುಲ್ಕದಲ್ಲಿ ಕರೆಸಿಕೊಳ್ಳುವ ಪಾಳಿ ಪದ್ಧತಿ ರೂಪಿಸಲಿ. ತುರ್ತು ಶಸ್ತ್ರಚಿಕಿತ್ಸೆಯ ವಿಮಾ ಹಣ 30 ದಿನದೊಳಗೆ ಬರದಿದ್ದರೆ ಬಡ್ಡಿ ಸೇರಿಸಿ ಕೊಡುವ ನಿಯಮ ಮಾಡಲಿ. ಇದ್ಯಾವುದಕ್ಕೂ ನೂರಾರು ಕೋಟಿ ಬೇಕಿಲ್ಲ, ಶಂಕುಸ್ಥಾಪನೆಯ ಕಲ್ಲೂ ಬೇಕಿಲ್ಲ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿಯಿಲ್ಲ. ದೊಡ್ಡ ಆಸ್ಪತ್ರೆಗಾಗಿ ಕೂಗಿದ ಕೊಡಗಿನ ಯುವಜನರೇ ಈ ನಾಲ್ಕು ಬೇಡಿಕೆಗಳನ್ನೂ ಕೈಗೆತ್ತಿಕೊಳ್ಳಬೇಕು. ಓಟು ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯಿಂದಲೂ ಲಿಖಿತ ಉತ್ತರ ಪಡೆಯಬೇಕು.