ಹೋಟೆಲ್ ಲೆಕ್ಕ – 7: ದೋಸೆ ಮಾಸ್ಟರ್‌ಗೆ ಕುರ್ಚಿ ಹಾಕಿ ಪ್ರಶ್ನೆ ಕೇಳಬೇಡಿ

ನೀವೊಂದು ದರ್ಶಿನಿ ಇಟ್ಟಿದ್ದೀರಿ ಅಂದ್ಕೊಳ್ಳಿ. ದೋಸೆ ಮಾಸ್ಟರ್ ಬೇಕು, ಒಬ್ಬರು ಬಂದು ಎದುರಿಗೆ ಕೂತಿದ್ದಾರೆ. "ಏನಾದ್ರೂ ಸಮಸ್ಯೆ ಬಂದ್ರೆ ಹೇಗೆ ನಿಭಾಯಿಸ್ತೀರಾ?" ಅಂತ ಕೇಳ್ತೀರಿ. "ನಿಭಾಯಿಸ್ತೀನಿ ಸಾರ್" ಅಂತಾರೆ. ಇದರಿಂದ ನಿಮಗೆ ಗೊತ್ತಾಗಿದ್ದೇನು? ಏನೂ ಇಲ್ಲ.

ನಮ್ಮ ಬಿಕಾಂ ಪುಸ್ತಕದಲ್ಲೂ ಸಂದರ್ಶನ ಅಂದ್ರೆ ಮೇಜು, ಎರಡು ಕುರ್ಚಿ, ಪ್ರಶ್ನೆ, ಉತ್ತರ. ಆಫೀಸಿಗೆ ಸರಿ, ಅಲ್ಲಿ ಮಾತಾಡೋದೇ ಅರ್ಧ ಕೆಲಸ. ಆದರೆ ಹದಿನೈದು ವರ್ಷ ಕಾವಲಿ ಮುಂದೆ ನಿಂತವರಿಗೆ ತಮ್ಮ ಜಾಣತನವನ್ನ ವಾಕ್ಯ ಮಾಡಿ ಹೇಳೋ ಅಭ್ಯಾಸ ಇರಲ್ಲ. ಅದು ಅವರ ಕೈಯಲ್ಲಿದೆ. ಕುರ್ಚಿ ಹಾಕಿ ಕೇಳಿದ್ರೆ ಗೆಲ್ಲೋದು ಚೆನ್ನಾಗಿ ಮಾತಾಡೋರು. ಸೋಲೋದು ಬಹಳ ಸಲ ಒಳ್ಳೇ ಅಡುಗೆಯವರು.

ಹಾಗಾಗಿ ಕಾವಲಿ ಮುಂದೆ ನಿಲ್ಲಿಸಿ. ಸೆಕೆಗೆ ಹುಳಿ ಏರಿರೋ ಹಿಟ್ಟು ಕೊಡಿ. ಕಾವಲಿ ಬೇಕಂತಲೇ ಅತಿಯಾಗಿ ಕಾದಿರಲಿ. ಹಿಟ್ಟು ಹರಡೋಕೆ ಹೋದ್ರೆ ಸೌಟಿಗೇ ಅಂಟಿಕೊಂಡು ಬರುತ್ತೆ. ಹೊಸಬರು ಇನ್ನಷ್ಟು ಎಣ್ಣೆ ಸುರೀತಾರೆ. ಬಲ್ಲವರು ಉರಿ ಇಳಿಸಿ, ನೀರು ಚಿಮುಕಿಸಿ, ಪೊರಕೆಯಲ್ಲಿ ಒಂದು ಸಲ ಗುಡಿಸಿ, ಅಂಗೈಯಗಲದ ಒಂದೇ ಒಂದು ದೋಸೆ ಹೊಯ್ದು ನೋಡ್ತಾರೆ. ಆ ಪುಟ್ಟ ದೋಸೆ ಇದೆಯಲ್ಲ, ನೀವು ಹುಡುಕ್ತಾ ಇರೋದು ಅದನ್ನೇ. ತಪ್ಪು ಕಾವಲಿಯದಾ, ಹಿಟ್ಟಿನದಾ ಅಂತ ಮೊದಲು ತಿಳ್ಕೊಂಡು ಆಮೇಲೆ ಕೈ ಹಾಕೋ ಬುದ್ಧಿ. ಹಿಟ್ಟಿನದೇ ಆದ್ರೆ ಹೊಸ ಹಿಟ್ಟು ಬೆರೆಸ್ತಾರೆ, ಇಲ್ಲಾ ಈರುಳ್ಳಿ ಹಾಕಿ ಊತಪ್ಪ ಮಾಡ್ತಾರೆ. (ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೇ ಇದ್ದಾಗ ರವೆ ಇಡ್ಲಿ ಹುಟ್ಟಿದ್ದು ನಮ್ಮಲ್ಲೇ ಅಂತ ಎಂಟಿಆರ್‌ನವರು ಹೇಳ್ತಾರಲ್ಲ, ಅದೂ ಇದೇ ಜಾತಿಯ ಬುದ್ಧಿ.)

ಬಾಯಲ್ಲಿ ಕೇಳಲೇಬೇಕು ಅಂದ್ರೆ ಎರಡೇ ಪ್ರಶ್ನೆ ಸಾಕು.

ಒಂದು, ಗಿರಾಕಿಯೊಬ್ಬರು ಕಡ್ಲೆಕಾಯಿ ನನಗಾಗಲ್ಲ, ಅಲರ್ಜಿ ಅಂತಾರೆ. ಏನ್ ಮಾಡ್ತೀರಿ? "ಬೀಜ ಆರಿಸಿ ತೆಗೆದು ಕೊಡ್ತೀನಿ" ಅಂದ್ರೆ ಕೈಮುಗಿದು ಕಳಿಸಿ. "ಅದನ್ನ ಕೊಡಲ್ಲ, ಬೇರೆ ತಗೊಳ್ಳಿ ಅಂತೀನಿ, ಎಣ್ಣೆ ಯಾವುದು ಅಂತಾನೂ ನೋಡ್ತೀನಿ" ಅಂದವರನ್ನ ಬಿಡಬೇಡಿ.

ಎರಡು, ಬೆಳಿಗ್ಗೆ 11 ಗಂಟೆ, ಕಾಯಿಚಟ್ನಿ ವಾಸನೆ ಬಂದಿದೆ, ಹೊರಗೆ ಜನ ನಿಂತಿದ್ದಾರೆ. ಉತ್ತರ ಎಲ್ಲರಿಗೂ ಗೊತ್ತು, ಚೆಲ್ಲಬೇಕು. ಆದರೂ ಕೆಲವರು ಸುಮ್ಮನೆ ನಿಮ್ಮ ಮುಖ ನೋಡ್ತಾರೆ. ಯಾಕಂದ್ರೆ ಹಿಂದಿನ ಹೋಟೆಲಲ್ಲಿ ಚೆಲ್ಲಿದ್ದನ್ನ ಸಂಬಳದಲ್ಲಿ ಹಿಡಿದಿರ್ತಾರೆ. ಅಂಥವರಿಗೆ ಬುದ್ಧಿ ಇಲ್ಲ ಅಂತ ಬರ್ಕೋಬೇಡಿ. ಇಲ್ಲಿ ಪರೀಕ್ಷೆ ನಿಮಗೆ. ಚೆಲ್ಲೋ ಅಧಿಕಾರ ಕೊಡದೆ "ಸಮಸ್ಯೆ ಬಗೆಹರಿಸೋರು ಬೇಕು" ಅಂತ ಬೋರ್ಡ್ ಹಾಕಿದ್ರೆ, ನಿಮಗೆ ಬೇಕಿರೋದು ಬೈಸಿಕೊಳ್ಳೋಕೆ ಒಬ್ಬರು, ಅಷ್ಟೇ.

ಇನ್ನೊಂದು ವಿಷಯ, ನನಗೆ ನಿಜಕ್ಕೂ ಸಿಟ್ಟು ಬರೋದು ಇದಕ್ಕೆ. "ಟ್ರಯಲ್" ಅಂತ ಶನಿವಾರ, ಭಾನುವಾರದ ರಶ್‌ಗೆ ಕರೆಸಿ, ಪುಕ್ಕಟೆ ದುಡಿಸಿ, ಸೋಮವಾರ "ಹೇಳಿ ಕಳಿಸ್ತೀವಿ" ಅನ್ನೋದು. ಅದು ಪರೀಕ್ಷೆಯಲ್ಲ, ಕೂಲಿ ಉಳಿಸೋ ಉಪಾಯ. ರಶ್‌ನಲ್ಲಿ ಒಬ್ಬರ ಕೈಯನ್ನ ಗಮನಿಸೋಕೆ ನಿಮಗಾದ್ರೂ ಪುರುಸೊತ್ತು ಎಲ್ಲಿರುತ್ತೆ?

ಟೈಮಿಲ್ಲ ಅನ್ನೋ ಮಾಲೀಕರಿಗೆ: ಮಧ್ಯಾಹ್ನ ಮೂರಕ್ಕೆ ಕರೀರಿ. ಊಟ ಮುಗಿದಿರುತ್ತೆ, ಸಂಜೆ ತಿಂಡಿ ಶುರುವಾಗಿರಲ್ಲ, ಕಾವಲಿ ಖಾಲಿ ಇರುತ್ತೆ. ಎರಡು ಗಂಟೆ ಧಾರಾಳ ಆಯ್ತು. ಕೆಲಸ ಕೊಡ್ತೀರೋ ಬಿಡ್ತೀರೋ, ಆ ಎರಡು ಗಂಟೆಯ ದುಡ್ಡು ಕೈಗೆ ಕೊಟ್ಟು, ಒಂದು ಕಾಫಿ ಕುಡಿಸಿ ಕಳಿಸಿ.

#ಹೋಟೆಲ್‌ಲೆಕ್ಕ #ದೋಸೆಮಾಸ್ಟರ್ #ದರ್ಶಿನಿ